ಸಂಪರ್ಕ ಕಡಿದವರು ಯಾರು

ಶಿಷ್ಯ ಕೇಳಿದ: "ಗುರುಗಳೇ, ಮಾಡಿದ ಕೆಲಸದ ಬಗ್ಗೆ ಹೆಮ್ಮೆ ಇರಬೇಕು ಎಂದು ನೀವೇ ಕಲಿಸಿದಿರಿ. ಹೆಮ್ಮೆ ಇರುವವನು ತನ್ನ ಕೆಲಸದಲ್ಲೇ ತಪ್ಪು ಹುಡುಕುವುದು ಹೇಗೆ?"

ಗುರು ಅವನ ಕೈಯಲ್ಲಿದ್ದ ಕಾಗದ ನೋಡಿದರು. ಶಿಷ್ಯ ಬರೆದ ಪ್ರೋಗ್ರಾಂ ದೂರದ ಸರ್ವರ್ ಜೊತೆ ಗೂಢಲಿಪಿಯಲ್ಲಿ ಮಾತಾಡುತ್ತಿತ್ತು. ಮೂರು ದಿನಗಳಿಂದ ಆ ಸಂಪರ್ಕ ನಡುನಡುವೆ ಕಡಿದುಹೋಗುತ್ತಿತ್ತು. ತೊಂದರೆ ಸರ್ವರ್ ಕಡೆಯದು ಎಂದು ಕಾಗದದಲ್ಲಿ ಬರೆದಿತ್ತು.

"ಕೂತುಕೋ," ಎಂದರು ಗುರು. "ಹಾವಿನ ಔಷಧ ಎಲ್ಲಿದೆ ಎಂದು ಹೇಳುವ ಪ್ರೋಗ್ರಾಂ ಬರೆದ ಹೆಣ್ಣುಮಗಳೊಬ್ಬಳ ಕತೆ ಹೇಳುತ್ತೇನೆ."

ಅವಳ ಹೆಸರು ನೀಲಗಂಗಾ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಓದಿದವಳು. ಅವಳಿದ್ದ ಸಣ್ಣ ಕಂಪನಿಯಲ್ಲಿ ಉಳಿದವರೆಲ್ಲ ಇಂಜಿನಿಯರುಗಳು.

ಅವರ ಜಿಲ್ಲೆಯಲ್ಲಿ ಹಾವು ಕಡಿತ ಹೆಚ್ಚು. ವಿಷ ಇಳಿಸುವ ಔಷಧ ಎಲ್ಲ ಆಸ್ಪತ್ರೆಗಳಲ್ಲೂ ಇರುತ್ತಿರಲಿಲ್ಲ. ಇವತ್ತು ಇದ್ದ ಕಡೆ ನಾಳೆ ಮುಗಿದಿರುತ್ತಿತ್ತು. ಕಡಿಸಿಕೊಂಡವರನ್ನು ಗಾಡಿಯಲ್ಲಿ ಹಾಕಿಕೊಂಡು ಜನ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುತ್ತಿದ್ದರು. ಕೆಲವರು ದಾರಿಯಲ್ಲೇ ತೀರಿಕೊಳ್ಳುತ್ತಿದ್ದರು.

ಇದಕ್ಕೊಂದು ಪ್ರೋಗ್ರಾಂ ಬೇಕೆಂದು ಜಿಲ್ಲಾ ಕಚೇರಿಯವರು ಕಂಪನಿಯನ್ನು ಕೇಳಿದರು. ಕೆಲಸ ಸಣ್ಣದು, ಹೆಸರು ಬರುವಂಥದ್ದಲ್ಲ ಎಂದು ಇಂಜಿನಿಯರುಗಳು ಹಿಂದೆ ಸರಿದರು. ನೀಲಗಂಗಾ ಒಪ್ಪಿಕೊಂಡಳು. ಏಳು ತಿಂಗಳು ಒಬ್ಬಳೇ ಕೂತು ಬರೆದು ಮುಗಿಸಿದಳು.

ಪ್ರೋಗ್ರಾಂ ನಲವತ್ತೆರಡು ಆರೋಗ್ಯ ಕೇಂದ್ರಗಳಿಗೆ ಹೋಯಿತು. ನರ್ಸ್ ರೋಗಿಯ ಹೆಸರು ಹಾಕಿ ಒಂದು ಗುಂಡಿ ಒತ್ತಿದರೆ ಸಾಕು. ಅದು ಜಿಲ್ಲಾ ಕಚೇರಿಯ ಸರ್ವರನ್ನು ಕೇಳುತ್ತಿತ್ತು. ಯಾವ ಆಸ್ಪತ್ರೆಯಲ್ಲಿ ಔಷಧ ಇದೆ, ಎಷ್ಟು ದೂರ, ಅಲ್ಲಿನ ವೈದ್ಯರ ಫೋನ್ ನಂಬರ್ ಏನು ಎಂದು ಪಟ್ಟಿ ಬರುತ್ತಿತ್ತು. ರೋಗಿಯ ವಿವರ ಹೋಗುತ್ತಿದ್ದ ಕಾರಣ ಮಾತುಕತೆಯೆಲ್ಲ ಗೂಢಲಿಪಿಯಲ್ಲಿ ನಡೆಯುತ್ತಿತ್ತು. ನಡುವೆ ಯಾರು ಕದ್ದು ನೋಡಿದರೂ ಅರ್ಥವಾಗುತ್ತಿರಲಿಲ್ಲ.

ಐದು ವರ್ಷ ಅದು ಒಂದು ದಿನವೂ ನಿಲ್ಲಲಿಲ್ಲ. ಅಲೆದಾಟ ನಿಂತಿತು. ನೀಲಗಂಗಾ ಯಾವ ಆರೋಗ್ಯ ಕೇಂದ್ರಕ್ಕೆ ಹೋದರೂ ನರ್ಸುಗಳು ಎದ್ದು ಬಂದು ಮಾತಾಡಿಸುತ್ತಿದ್ದರು. ಹಾವಿನ ಔಷಧದ ಅಕ್ಕ ಎಂದೇ ಅವಳಿಗೆ ಹೆಸರು ಬಿತ್ತು. ಅವಳಿಗೆ ಅದು ಹಿಡಿಸುತ್ತಿತ್ತು. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಆರನೆಯ ವರ್ಷ ದೂರುಗಳು ಬರತೊಡಗಿದವು. ಪಟ್ಟಿ ಬರುವ ಮೊದಲೇ ಸಂಪರ್ಕ ಹೋಗುತ್ತಿದೆ ಎಂದು ಒಂದು ಕೇಂದ್ರದವರು ಹೇಳಿದರು. ವಾರದಲ್ಲಿ ಒಂಬತ್ತು ಕೇಂದ್ರಗಳು ಅದನ್ನೇ ಹೇಳಿದವು. ಎಲ್ಲ ಕಡೆ ಪರದೆಯ ಮೇಲೆ ಒಂದೇ ಸಾಲು ಕಾಣುತ್ತಿತ್ತು: ಸರ್ವರ್ ಸಂಪರ್ಕ ಕಡಿದಿದೆ.

ನೀಲಗಂಗಾ ಮೊದಲು ನೋಡಬೇಕಾದ್ದನ್ನೆಲ್ಲ ನೋಡಿದಳು. ಸರ್ವರ್‌ನ ಗುರುತು ಹೇಳುವ ಪ್ರಮಾಣಪತ್ರದ ಅವಧಿ ಮುಗಿದಿರಲಿಲ್ಲ. ಕಂಪ್ಯೂಟರುಗಳ ಗಡಿಯಾರ ಸರಿಯಿತ್ತು. ಎರಡೂ ಕಡೆಯ ಗೂಢಲಿಪಿ ಒಂದೇ ಆಗಿತ್ತು. ಎರಡು ಕಂಪ್ಯೂಟರುಗಳು ಒಂದನ್ನೊಂದು ಗುರುತಿಸಿಕೊಳ್ಳುವ ಮೊದಲ ಪರಿಚಯ ಸರಿಯಾಗಿಯೇ ಮುಗಿಯುತ್ತಿತ್ತು. ಆಮೇಲೆ, ಉತ್ತರ ಬರುವ ಹೊತ್ತಿಗೆ ಸಂಪರ್ಕ ಹೋಗುತ್ತಿದೆ ಎಂದು ಕೇಂದ್ರದವರು ಹೇಳುತ್ತಿದ್ದರು. ತನ್ನ ಕಚೇರಿಯಲ್ಲಿ ಕೂತು ಸಾವಿರ ಸಲ ಪ್ರಯತ್ನಿಸಿದಳು. ಸಾವಿರ ಸಲವೂ ಪಟ್ಟಿ ಬಂತು.

ಅದೇ ತಿಂಗಳು ಜಿಲ್ಲಾ ಕಚೇರಿಯಲ್ಲಿ ಹಳೆಯ ಸರ್ವರ್ ತೆಗೆದು ಹೊಸದನ್ನು ಹಾಕಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವನ ಹೆಸರು ಪ್ರಲ್ಹಾದ. ನೀಲಗಂಗಾ ಅವನ ಮೇಲಧಿಕಾರಿಗಳಿಗೆ ಪತ್ರ ಬರೆದಳು. ಐದು ವರ್ಷಗಳಿಂದ ನನ್ನ ಪ್ರೋಗ್ರಾಂನಲ್ಲಿ ಒಂದಕ್ಷರವೂ ಬದಲಾಗಿಲ್ಲ, ಬದಲಾಗಿರುವುದು ನಿಮ್ಮ ಸರ್ವರ್ ಎಂದಳು. ಪ್ರಲ್ಹಾದ ತನ್ನ ಸರ್ವರ್ ದಾಖಲೆ ಕಳಿಸಿ ಎರಡೇ ಸಾಲು ಬರೆದ: ನಮ್ಮ ಕಡೆಯಿಂದ ಕಡಿದಿಲ್ಲ. ಮೊದಲು ಕಡಿಯುತ್ತಿರುವುದು ನಿಮ್ಮ ಕಡೆ.

ಅವಳು ಆ ದಾಖಲೆಯನ್ನು ತೆರೆದು ನೋಡಲಿಲ್ಲ. ತಪ್ಪು ಮಾಡಿದವರು ಹೀಗೇ ಹೇಳುತ್ತಾರೆ ಎಂದುಕೊಂಡಳು. ಸರ್ವರ್ ಕಡಿದಿದೆ ಎಂದು ಪರದೆಯೇ ಹೇಳುತ್ತಿರುವಾಗ ಇವನ ಮಾತೇಕೆ ಎಂದುಕೊಂಡಳು. ಇನ್ನೊಂದು ಪತ್ರ ಬರೆದಳು. ಪ್ರಲ್ಹಾದನಿಗೆ ನೋಟಿಸ್ ಹೋಯಿತು.

ಹೀಗೆ ಹನ್ನೊಂದು ವಾರ ಕಳೆಯಿತು.

ಜಿಲ್ಲೆಯ ಅಂಚಿನಲ್ಲಿ ಕಲ್ಲುನೆಲದ ಒಂದು ಊರು. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಮೆಹರುನ್ನಿಸಾ ಎಂಬ ನರ್ಸ್ ಇದ್ದಳು. ಒಂದು ಮಧ್ಯಾಹ್ನ ಮಾಳಿಂಗರಾಯ ಎಂಬ ಕುರಿಗಾಹಿಯನ್ನು ಕರೆತಂದರು. ಬಲಗೈಗೆ ಹಾವು ಕಡಿದಿತ್ತು. ಮೆಹರುನ್ನಿಸಾ ಗುಂಡಿ ಒತ್ತಿದಳು. ಸರ್ವರ್ ಸಂಪರ್ಕ ಕಡಿದಿದೆ ಎಂದು ಬಂತು. ಮತ್ತೆ ಒತ್ತಿದಳು. ಐದು ಸಲ ಒತ್ತಿದಳು. ಆಸ್ಪತ್ರೆಗಳಿಗೆ ಫೋನ್ ಮಾಡಿದಳು. ಒಂದು ಕಡೆ ಎತ್ತಲಿಲ್ಲ, ಇನ್ನೊಂದು ಕಡೆ ಔಷಧ ಮುಗಿದಿತ್ತು. ಇನ್ನು ಕಾಯುವುದು ಸರಿಯಲ್ಲವೆಂದು ಎಪ್ಪತ್ತು ಕಿಲೋಮೀಟರ್ ದೂರದ ಜಿಲ್ಲಾಸ್ಪತ್ರೆಗೆ ಕಳಿಸಿದಳು.

ಹದಿನೆಂಟು ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಯಲ್ಲಿ ಆ ದಿನ ಔಷಧ ಇತ್ತು.

ಮಾಳಿಂಗರಾಯ ಬದುಕಿಕೊಂಡ. ಬಲಗೈಯ ಎರಡು ಬೆರಳು ಹೋದವು.

ಸುದ್ದಿ ನೀಲಗಂಗಾಳಿಗೆ ಮುಟ್ಟಿತು. ಅವಳು ಮೂರನೆಯ ಪತ್ರ ಬರೆಯಲು ಕೂತಳು. ಬರೆಯಲಾಗಲಿಲ್ಲ. ಪತ್ರದಲ್ಲಿ ಹಾಕಲು ಹೊಸದೇನೂ ಅವಳ ಬಳಿ ಇರಲಿಲ್ಲ. ಹಿಂದಿನ ಎರಡರಲ್ಲೂ ತಾನು ಕಣ್ಣಾರೆ ನೋಡಿದ್ದನ್ನು ಬರೆದಿರಲಿಲ್ಲ ಎಂಬುದು ಆಗ ಹೊಳೆಯಿತು. ಪರದೆಯ ಮೇಲಿನ ಸಾಲನ್ನು ನಂಬಿ ಬರೆದಿದ್ದಳು. ಸಂಪರ್ಕ ಕಡಿಯುವುದನ್ನು ಅವಳು ಒಂದು ಸಲವೂ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಂಪ್ಯೂಟರ್ ಹಿಡಿದುಕೊಂಡು ಹೊರಟಳು. ಆ ಊರಿಗೆ ಕೇಬಲ್ ಬಂದಿರಲಿಲ್ಲ. ದೂರದ ಒಂದು ಮೊಬೈಲ್ ಟವರ್‌ನಿಂದ ಇಂಟರ್ನೆಟ್ ಬರುತ್ತಿತ್ತು. ಬಹಳ ನಿಧಾನ. ಅವಳು ಮೆಹರುನ್ನಿಸಾಳ ಮೇಜಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಹತ್ತು ಸಲ ಕೇಳಿದರೆ ಎಂಟು ಸಲ ಸಂಪರ್ಕ ಹೋಗುತ್ತಿತ್ತು.

ಕಂಪನಿಯವರು ತನ್ನನ್ನೇ ದೂರುತ್ತಾರೆಂದು ಮೆಹರುನ್ನಿಸಾ ಅಂದುಕೊಂಡಿದ್ದಳು. ನೀಲಗಂಗಾ ಏನೂ ಅನ್ನದೆ ನೋಡುತ್ತ ಕೂತದ್ದು ಕಂಡು ಅವಳಿಗೆ ಧೈರ್ಯ ಬಂತು.

"ಅಕ್ಕಾರ, ಒಂದು ಮಾತು ಹೇಳ್ಲೇನ್ರಿ? ಔಷಧ ಎಲ್ಲೂ ಇಲ್ಲದ ದಿನ ಇದು ಛಲೋ ಮಾತಾಡ್ತದ. ಇದ್ದ ದಿನಾನೇ ಬಾಯಿ ಮುಚ್ಕೋತದ."

ನೀಲಗಂಗಾ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು. "ಇನ್ನೊಂದ್ಸಲ ಹೇಳ್ರಿ."

"ಎಲ್ಲೂ ಇಲ್ಲ ಅಂತ ಹೇಳೂದಿದ್ರ ಪಟ್ನ ಹೇಳ್ತದ್ರಿ. ಭಾಳ ಕಡೆ ಐತಿ ಅಂತ ಹೇಳೂದಿದ್ರನ ಕಡೀತದ. ನಾ ನೋಡೀನಿ."

ಇದು ಯಾವ ದೂರಿನಲ್ಲೂ ಬಂದಿರಲಿಲ್ಲ. ಮೆಹರುನ್ನಿಸಾಳನ್ನು ಯಾರೂ ಕೇಳಿರಲಿಲ್ಲ.

ನೀಲಗಂಗಾ ಲೆಕ್ಕ ಹಾಕಿದಳು. ಎಲ್ಲೂ ಇಲ್ಲ ಎಂಬ ಉತ್ತರ ಚಿಕ್ಕದು. ನಾಲ್ಕು ಕಡೆ ಇದೆ ಎಂಬ ಉತ್ತರವೂ ಚಿಕ್ಕದೇ. ಹಿಂದಿನ ಐದು ವರ್ಷವೂ ಔಷಧದ ಕೊರತೆ ಇತ್ತು. ಪಟ್ಟಿಯಲ್ಲಿ ಮೂರೋ ನಾಲ್ಕೋ ಹೆಸರು ಬರುತ್ತಿದ್ದವು. ಈ ವರ್ಷ ಮೊದಲ ಸಲ ಔಷಧ ಹೆಚ್ಚು ಬಂದಿತ್ತು. ಮೂವತ್ತು ಆಸ್ಪತ್ರೆಗಳಿಗೆ ಹಂಚಿದ್ದರು. ಪಟ್ಟಿ ಉದ್ದವಾಗಿತ್ತು. ಹೊಸ ಸರ್ವರ್ ಬಂದದ್ದೂ ಔಷಧ ಬಂದದ್ದೂ ಒಂದೇ ತಿಂಗಳು. ಅವಳು ಮೊದಲನೆಯದನ್ನು ಮಾತ್ರ ಗಮನಿಸಿದ್ದಳು.

ಚಿಕ್ಕ ಉತ್ತರ ಬರುವಂತೆ ಹತ್ತು ಸಲ ಕೇಳಿದಳು. ಹತ್ತೂ ಬಂದವು. ಉದ್ದದ ಉತ್ತರ ಕೇಳಿದಳು. ಸಂಪರ್ಕ ಹೋಯಿತು.

ಆಗ ಅವಳು ಹನ್ನೊಂದು ವಾರ ಹಿಂದೆಯೇ ಮಾಡಬೇಕಿದ್ದ ಕೆಲಸ ಮಾಡಿದಳು. ಸರ್ವರ್‌ಗೆ ಹೋಗಿ ಬರುವ ಪ್ರತಿಯೊಂದು ತುಣುಕನ್ನೂ, ಹೋದ ಕ್ಷಣ ಬಂದ ಕ್ಷಣದ ಸಮೇತ, ದಾಖಲಿಸಿಕೊಂಡಳು. ಒಂದೊಂದಾಗಿ ಓದಿದಳು. ಸರ್ವರ್ ಪಟ್ಟಿಯ ಮೊದಲ ತುಣುಕು ಕಳಿಸಿತ್ತು. ಎರಡನೆಯದು ದಾರಿಯಲ್ಲಿತ್ತು. ಅಷ್ಟರಲ್ಲಿ 'ಇಲ್ಲಿಗೆ ಮುಗಿಯಿತು' ಎಂಬ ಸೂಚನೆ ಹೋಗಿತ್ತು. ಯಾವ ಕಡೆಯಿಂದ ಹೋಗಿದೆ ಎಂದು ನೋಡಿದಳು.

ತನ್ನ ಕಡೆಯಿಂದ ಹೋಗಿತ್ತು.

ಎರಡನೆಯ ತುಣುಕು ಬಂದು ಸೇರಿದಾಗ ಅದನ್ನು ತೆಗೆದುಕೊಳ್ಳಲು ಇಲ್ಲಿ ಯಾರೂ ಇರಲಿಲ್ಲ.

ಅವಳು ತನ್ನ ಕೋಡ್ ತೆರೆದಳು. ಉತ್ತರ ಓದುವ ಜಾಗಕ್ಕೆ ಹೋದಳು. ಗೂಢಲಿಪಿಯ ಕೆಲಸ ನೋಡಿಕೊಳ್ಳುವ ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಅವಳ ಪ್ರೋಗ್ರಾಂ ಅಲ್ಲಿ ಕೇಳುತ್ತಿತ್ತು: ಏನಾದರೂ ಬಂದಿದೆಯೇ? ಗೂಢಲಿಪಿಯಲ್ಲಿ ಬಂದದ್ದನ್ನು ಅರ್ಧಕ್ಕೆ ಬಿಡಿಸಲು ಆಗುವುದಿಲ್ಲ. ಪೂರ್ತಿ ಬಂದ ಮೇಲೆಯೇ ಬಿಡಿಸಬೇಕು. ಪೂರ್ತಿ ಬಂದಿರದಿದ್ದರೆ ಲೈಬ್ರರಿ ಸೊನ್ನೆಗಿಂತ ಕೆಳಗಿನ ಒಂದು ಸಂಖ್ಯೆ ಕೊಡುತ್ತದೆ. ಅದರ ಅರ್ಥವನ್ನು ಮತ್ತೆ ಕೇಳಿದರೆ ಹೇಳುತ್ತದೆ: ಇನ್ನೂ ಬರುವುದಿದೆ, ಸ್ವಲ್ಪ ತಡೆದು ಕೇಳು.

ಅವಳ ಪ್ರೋಗ್ರಾಂ ಅರ್ಥವನ್ನು ಕೇಳುತ್ತಿರಲಿಲ್ಲ. ಸೊನ್ನೆಗಿಂತ ಕೆಳಗಿನ ಸಂಖ್ಯೆ ಬಂದರೆ ಎಲ್ಲ ಮುಗಿಯಿತು ಎಂದು ತೀರ್ಮಾನಿಸುತ್ತಿತ್ತು. ತಾನೇ ಸಂಪರ್ಕ ಮುಚ್ಚುತ್ತಿತ್ತು. ಮುಚ್ಚಿದ ಮೇಲೆ, ಸರ್ವರ್ ಸಂಪರ್ಕ ಕಡಿದಿದೆ ಎಂದು ಪರದೆಯ ಮೇಲೆ ಬರೆಯುತ್ತಿತ್ತು.

ಅವಳ ಕಚೇರಿಯ ಇಂಟರ್ನೆಟ್ ವೇಗದ್ದು. ಅಲ್ಲಿ ತುಣುಕುಗಳೆಲ್ಲ ಒಟ್ಟಿಗೇ ಬಂದು ಬೀಳುತ್ತಿದ್ದವು. ಹಾಗಾಗಿ ಅಲ್ಲಿ ಸಾವಿರ ಸಲ ಕೇಳಿದರೂ ಏನೂ ಕಾಣಲಿಲ್ಲ.

ಪರದೆಯ ಆ ಸಾಲನ್ನು ಅವಳು ಮತ್ತೆ ಓದಿದಳು. ಅದನ್ನು ಬರೆದವಳು ಅವಳೇ. ಎರಡು ಪತ್ರಗಳಿಗೂ ಅದನ್ನೇ ಸಾಕ್ಷಿ ಮಾಡಿದ್ದಳು.

"ಏನಾತ್ರೀ ಅಕ್ಕಾರ?" ಎಂದು ಮೆಹರುನ್ನಿಸಾ ಕೇಳಿದಳು.

"ನಂದೇ ತಪ್ಪು," ಎಂದಳು ನೀಲಗಂಗಾ. "ಇನ್ನೂ ಬರ್ತದ ಅಂತ ಅದು ಹೇಳಾಕತ್ತಿತ್ತು. ನಾ ಮುಗೀತು ಅಂತ ತಿಳ್ಕೊಂಡೆ."

ತಿದ್ದುವುದಕ್ಕೆ ಬೇಕಾದದ್ದು ನಾಲ್ಕು ಸಾಲು. ನಾಲ್ಕು ಸಾಲು ಬರೆದು ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಸಂಪರ್ಕ ಹೋದಾಗ ಯಾರು ಮುಚ್ಚಿದರು ಎಂದು ನೋಡಿ, ನೋಡಿದ್ದನ್ನೇ ಪರದೆಯ ಮೇಲೆ ಹೇಳುವಂತೆ ಮಾಡಿದಳು. ಆಮೇಲೆ ಪ್ರೋಗ್ರಾಂನ ಮೊದಲ ಸಾಲಿಗೆ ಹೋಗಿ ಕೊನೆಯ ಸಾಲಿನವರೆಗೆ ಓದಿಕೊಂಡು ಬಂದಳು. ಅದಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನ ಅವಳು ಮೆಹರುನ್ನಿಸಾಳ ಮನೆಯಲ್ಲೇ ಉಳಿದಳು. ಅದೇ ತಪ್ಪು ಇನ್ನೂ ಎರಡು ಕಡೆ ಸಿಕ್ಕಿತು. ಅವುಗಳ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ. ಅವನ್ನೂ ತಿದ್ದಿದಳು.

ಮೂರನೆಯ ದಿನ ಮೆಹರುನ್ನಿಸಾ ಗುಂಡಿ ಒತ್ತಿದಳು. ಪಟ್ಟಿ ನಿಧಾನವಾಗಿ ಬಂತು. ಮೂವತ್ತು ಹೆಸರುಗಳು. ಅವಳು ಒಂದನ್ನೂ ಬಿಡದೆ ಗಟ್ಟಿಯಾಗಿ ಓದಿದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ರೋಗಿಗಳೂ ಕೇಳಿಸಿಕೊಂಡರು. ಇನ್ನೂರು ಸಲ ಒತ್ತಿದರು. ಇನ್ನೂರು ಸಲವೂ ಪೂರ್ತಿ ಬಂತು. ನೀಲಗಂಗಾಳ ಎದೆ ತುಂಬಿತು. ಮೊದಲ ಸಲ ಪ್ರೋಗ್ರಾಂ ನಡೆದ ದಿನವೂ ಅವಳಿಗೆ ಅಷ್ಟು ಸಂತೋಷವಾಗಿರಲಿಲ್ಲ.

ಬಸ್ಸು ಹತ್ತುವ ಮೊದಲು ಅವಳು ಮಾಳಿಂಗರಾಯನನ್ನು ಹುಡುಕಿಕೊಂಡು ಹೋದಳು. ಅವನು ಆಗಲೇ ಕುರಿಗಳ ಜೊತೆ ಇದ್ದ. ಬಲಗೈಗೆ ಬಟ್ಟೆ ಸುತ್ತಿತ್ತು. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಔಷಧ ಹತ್ತಿರದಲ್ಲೇ ಇತ್ತು ಎಂದಳು. ಅದನ್ನು ಹೇಳಬೇಕಾದ ಪ್ರೋಗ್ರಾಂ ತನ್ನದು, ತಪ್ಪೂ ತನ್ನದು ಎಂದಳು.

ಮಾಳಿಂಗರಾಯ ಕುರಿಗಳ ಕಡೆ ನೋಡುತ್ತಲೇ ಕೇಳಿದ:

"ಈಗ ನೆಟ್ಟಗಾಗೇದೇನು?"

"ಇಲ್ಲಿ ಆಗೇದ. ಉಳಿದ ಕಡೆ ಇನ್ನೂ ಕಳಸಿಲ್ಲ."

"ಮತ್ತ ಇಲ್ಲೇನು ಮಾಡ್ತಿ? ಮೊದಲ ಅದನ್ನ ಕಳಸು ಹೋಗು."

ಅವನು ಕ್ಷಮಿಸಿದೆ ಎನ್ನಲಿಲ್ಲ. ಅವಳೂ ಕೇಳಲಿಲ್ಲ.

ಕಂಪನಿಯ ಮಾಲೀಕ ಅವಳ ಮಾತನ್ನು ಸಮಾಧಾನದಿಂದ ಕೇಳಿದ. ತಿದ್ದಿದ್ದು ಒಳ್ಳೆಯದಾಯಿತು ಎಂದ. ಎರಡು ತಿಂಗಳಿಗೆ ಹೊಸ ಆವೃತ್ತಿ ಹೋಗುತ್ತದೆ, ಇದನ್ನೂ ಅದರೊಳಗೆ ಸೇರಿಸಿಬಿಡು, ಯಾರಿಗೂ ಗೊತ್ತಾಗುವುದಿಲ್ಲ ಎಂದ. ಹೊಸ ಸರ್ವರ್ ಸರಿಹೋಯಿತು ಎಂದು ಎಲ್ಲರೂ ತಿಳಿಯುತ್ತಾರೆ ಎಂದ.

"ಎರಡು ತಿಂಗಳು ಹಾವು ಸುಮ್ಮನಿರ್ತಾವೇನ್ರಿ?" ಎಂದಳು ನೀಲಗಂಗಾ.

ಅವತ್ತೇ ನಲವತ್ತೆರಡು ಕೇಂದ್ರಗಳಿಗೂ ತಿದ್ದಿದ ಪ್ರೋಗ್ರಾಂ ಕಳಿಸಿದಳು. ಜೊತೆಗೆ ಒಂದು ಪತ್ರವಿತ್ತು. ತಪ್ಪು ಏನು, ಎಲ್ಲಿತ್ತು, ಯಾರದು ಎಂದು ಅದರಲ್ಲಿ ಬರೆದಿದ್ದಳು. ಕೆಳಗೆ ಕಂಪನಿಯ ಹೆಸರಿನ ಬದಲು ತನ್ನ ಹೆಸರು ಹಾಕಿದ್ದಳು. ಮಾಲೀಕ ಸಿಟ್ಟಾದ. ಅವಳು ಕೆಲಸ ಹೋಗುತ್ತದೆಂದೇ ತಿಳಿದಿದ್ದಳು.

ಮುಂದಿನ ವಾರ ಜಿಲ್ಲಾ ಕಚೇರಿಯಲ್ಲಿ ಸಭೆ ಕರೆದರು. ವೈದ್ಯರು, ನರ್ಸುಗಳು, ಅಧಿಕಾರಿಗಳು ಬಂದಿದ್ದರು. ಪ್ರಲ್ಹಾದನೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನ ಮೇಲಿನ ನೋಟಿಸ್ ಇನ್ನೂ ಹಾಗೇ ಇತ್ತು. ನೀಲಗಂಗಾ ಎದ್ದು ನಿಂತಳು. ಕೈಯಲ್ಲಿ ಕಾಗದ ಇರಲಿಲ್ಲ.

"ಹನ್ನೊಂದು ವಾರ ಸಂಪರ್ಕ ಕಡಿದದ್ದು ಸರ್ವರ್ ಅಲ್ಲ. ನನ್ನ ಪ್ರೋಗ್ರಾಂ," ಎಂದಳು. "ತಾನು ಕಡಿದು, ಅವರು ಕಡಿದರು ಎಂದು ಹೇಳುತ್ತಿತ್ತು. ಹಾಗೆ ಹೇಳುವಂತೆ ಬರೆದವಳು ನಾನು. ಪ್ರಲ್ಹಾದ ಅವರು ನನ್ನ ಮೊದಲ ಪತ್ರಕ್ಕೇ ನಿಜ ಹೇಳಿದ್ದರು. ಅವರು ಕಳಿಸಿದ ದಾಖಲೆಯನ್ನು ನಾನು ತೆರೆಯಲಿಲ್ಲ. ಅವರ ಮೇಲಿನ ನೋಟಿಸ್ ವಾಪಸ್ ತೆಗೆದುಕೊಳ್ಳಬೇಕು. ತಪ್ಪು ಎಲ್ಲಿದೆ ಎಂದು ತೋರಿಸಿಕೊಟ್ಟವರು ಮೆಹರುನ್ನಿಸಾ. ಅವರ ಹೆಸರೂ ದಾಖಲಾಗಬೇಕು."

ಒಬ್ಬ ಅಧಿಕಾರಿ ಕೇಳಿದ: "ಇನ್ನು ಮುಂದೆ ಹೀಗಾಗುವುದಿಲ್ಲ ಎನ್ನುವುದಕ್ಕೆ ಏನು ಖಾತರಿ?"

"ಈ ತಪ್ಪು ಮತ್ತೆ ಬರುವುದಿಲ್ಲ. ಬೇರೆ ತಪ್ಪು ಬರಬಹುದು. ಬಂದರೆ ಮೊದಲು ನನ್ನ ಕಡೆ ಹುಡುಕುತ್ತೇನೆ. ಆಮೇಲೆ ನಿಮಗೆ ಪತ್ರ ಬರೆಯುತ್ತೇನೆ."

ಪ್ರೋಗ್ರಾಂನ ಯಾವ ಭಾಗದ ಬಗ್ಗೆ ಕೇಳಿದರೂ ನಿಂತಲ್ಲೇ ಉತ್ತರ ಕೊಟ್ಟಳು. ಕೇಳುವವರು ಸುಸ್ತಾಗಿ ನಿಲ್ಲಿಸಿದರು.

ನೋಟಿಸ್ ವಾಪಸ್ ಬಂತು. ಮಾಲೀಕ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಪ್ರೋಗ್ರಾಂ ಇನ್ನು ಮುಂದೆಯೂ ಅವಳ ಕೈಯಲ್ಲೇ ಇರಬೇಕೆಂದು ಆರೋಗ್ಯ ಕೇಂದ್ರಗಳು ಬರೆದು ಕಳಿಸಿದ್ದವು. ಸಭೆ ಮುಗಿದು ಎಲ್ಲರೂ ಹೊರಟಾಗ ಪ್ರಲ್ಹಾದ ಬಾಗಿಲ ಬಳಿ ನಿಂತಿದ್ದ. ಏನು ಅನ್ನುತ್ತಾನೋ ಎಂದು ನೀಲಗಂಗಾ ನಿಂತಳು.

"ನೀವು ಅಷ್ಟು ಗಟ್ಟಿಯಾಗಿ ಬರೆದಿದ್ರಿ ನೋಡ್ರಿ, ನನಗೇ ನನ್ನ ಸರ್ವರ್ ಮ್ಯಾಲೆ ಸಂಶಯ ಬಂದಿತ್ತು," ಎಂದ ಪ್ರಲ್ಹಾದ. "ಎರಡು ಸಲ ಬಿಚ್ಚಿ ಹಾಕೀನಿ." ಹೊರಡುತ್ತ ಹೇಳಿದ: "ಪುರುಸೊತ್ತಾದಾಗ ಸರ್ವರಿಗೆ ನಾ ಬರದ ಕೋಡನ್ನೂ ಒಮ್ಮೆ ನೋಡ್ರಿ."

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಕೇಳಿದ: "ಅಷ್ಟು ಜನರ ಎದುರು ತಪ್ಪು ನನ್ನದು ಎಂದ ಮೇಲೆ, ಅವಳಿಗೆ ಹೆಮ್ಮೆ ಪಡಲು ಏನು ಉಳಿಯಿತು, ಗುರುಗಳೇ?"

ಗುರು ಹೇಳಿದರು: "ಆ ಸಭೆಯಲ್ಲಿದ್ದವರಲ್ಲಿ, ತಾನು ಮಾಡಿದ ಕೆಲಸ ತಪ್ಪಿನ ಸಮೇತ ತನಗೆ ಪೂರ್ತಿ ಗೊತ್ತು ಎನ್ನಬಲ್ಲವಳು ಅವಳೊಬ್ಬಳೇ."

ಶಿಷ್ಯ ಕೈಯಲ್ಲಿದ್ದ ಕಾಗದವನ್ನು ಮಡಚಿಟ್ಟು, ತನ್ನ ಪ್ರೋಗ್ರಾಂ ತೆರೆದು ಮೊದಲ ಸಾಲಿಗೆ ಹೋದ.